ಮೂವತ್ತೇಳು ಬಸ್ಕಿಯ ಬಾಕಿ

೧೯೫೭ನೆಯ ಇಸವಿ ಜೂನ್ ತಿಂಗಳ ಮೂರನೆಯ ತಾರೀಖು, ಸೋಮವಾರ. ಆ ದಿನದ ಹೊತ್ತಿಗೆ ಗುಂಡ್ಲುಪೇಟೆಯ ನಿವೃತ್ತ ಗಣಿತದ ಮೇಷ್ಟ್ರು ಗುರುಪಾದಸ್ವಾಮಿಗಳ ದಿನದ ಖರ್ಚು ನಾನೂರ ಹನ್ನೆರಡು ಹೆಜ್ಜೆಗೆ ಇಳಿದಿತ್ತು.

ಖರ್ಚು ಎಂಬ ಮಾತು ಅವರದೇ. ಮನುಷ್ಯ ಹುಟ್ಟುವಾಗಲೇ ಇಂತಿಷ್ಟು ಹೆಜ್ಜೆ ಎಂದು ಮೂಲಧನ ತಂದಿರುತ್ತಾನೆ. ದುಂದು ಮಾಡಿದವನು ಬೇಗ ಹೋಗುತ್ತಾನೆ, ಕೈಬಿಗಿ ಹಿಡಿದವನು ತಡವಾಗಿ ಹೋಗುತ್ತಾನೆ ಎಂಬುದು ಅವರು ಹಿಂದಿನ ದೀಪಾವಳಿಯಲ್ಲಿ ಕಂಡುಕೊಂಡ ಸಿದ್ಧಾಂತ. ಅದಕ್ಕೆ ಕಾರಣವಿತ್ತು. ಅವರ ಜೊತೆಯಲ್ಲಿ ಪಾಠ ಹೇಳಿ ಜೊತೆಯಲ್ಲೇ ನಿವೃತ್ತರಾದ ಶಾಂತಮಲ್ಲಪ್ಪ ಮೇಷ್ಟ್ರು ದಿನಾ ಬೆಳಿಗ್ಗೆ ತೆರಕಣಾಂಬಿ ರಸ್ತೆಯಲ್ಲಿ ಎರಡು ಮೈಲಿ ಹೋಗಿ ಎರಡು ಮೈಲಿ ಬರುತ್ತಿದ್ದ ಗಟ್ಟಿ ಆಳು. ಹಬ್ಬದ ಮಾರನೆಯ ದಿನ ಬಚ್ಚಲಿನಿಂದ ಹೊರಬಂದವರು ಟವಲು ಕೈಯಲ್ಲಿರುವಾಗಲೇ ಕುಸಿದು ಹೋದರು. ಗುರುಪಾದಸ್ವಾಮಿಗಳು ಅಳಲಿಲ್ಲ. ಗೆಳೆಯನನ್ನು ಮಣ್ಣು ಮಾಡಿ ಬಂದು, ಮಿಂದು, ಹಳೆಯ ನೋಟ್‌ಬುಕ್ಕೊಂದನ್ನು ತೆಗೆದು ಲೆಕ್ಕಕ್ಕೆ ಕೂತರು.

ನೇಗಿಲು ಹಿಡಿದು ಬಾಳಿ ಐವತ್ತೆಂಟಕ್ಕೆ ಹೋದ ತಮ್ಮ ತಂದೆ ಒಟ್ಟು ನಡೆದದ್ದು ಹನ್ನೊಂದು ಕೋಟಿ ಹೆಜ್ಜೆ ಎಂದು ಅಂದಾಜು ಕಟ್ಟಿದರು. ತಂದೆಗೆ ಸಿಕ್ಕಷ್ಟೇ ಮಗನಿಗೂ ಸಿಕ್ಕಿರಬೇಕು. ಅದರಲ್ಲಿ ತಾವು ಖರ್ಚು ಮಾಡಿದ್ದೆಷ್ಟು? ಬೇಗೂರಿನ ಶಾಲೆಯಲ್ಲಿದ್ದ ಹನ್ನೊಂದು ವರ್ಷ ವಾರಕ್ಕೊಮ್ಮೆ ಮನೆಗೆ ನಡೆದು ಬಂದು ನಡೆದು ಹೋದದ್ದೇ ಎಂಟು ಸಾವಿರದ ಏಳುನೂರ ಹನ್ನೆರಡು ಮೈಲಿ. ಹೆಜ್ಜೆಗೆ ಇಳಿಸಿದರೆ ಒಂದು ಕೋಟಿ ತೊಂಬತ್ತೊಂದು ಲಕ್ಷ ಅರವತ್ತಾರು ಸಾವಿರದ ನಾನೂರು. ಈ ಸಾಲಿನ ಕೆಳಗೆ ಅವರು ಎರಡು ಗೆರೆ ಎಳೆದರು. ಎಲ್ಲವನ್ನೂ ಕೂಡಿ ಕಳೆದಾಗ ಉಳಿದ ಮೊತ್ತ ಅಷ್ಟೇನೂ ಹೆಚ್ಚಿರಲಿಲ್ಲ. ಅಂದಿನಿಂದಲೇ ಉಳಿತಾಯ ಶುರುವಾಯಿತು. ಮಗ ಚಾಮರಾಜನಗರದಿಂದ ತರಿಸಿಕೊಟ್ಟ ಆರಾಮ ಕುರ್ಚಿ ನಡುಮನೆಗೆ ಬಂತು. ಕುರ್ಚಿಯ ಬಲಕ್ಕೆ ನೀರಿನ ಚೊಂಬು, ಎಡಕ್ಕೆ ಲೆಕ್ಕದ ಪುಸ್ತಕ, ಕೈಯಳತೆಯಲ್ಲಿ ಊರುಗೋಲು. ಜನವರಿಯಲ್ಲಿ ದಿನಕ್ಕೆ ಸಾವಿರದ ಆರುನೂರಿದ್ದ ಹೆಜ್ಜೆ ಮಾರ್ಚಿಗೆ ಒಂಬೈನೂರಾಯಿತು, ಜೂನಿಗೆ ನಾನೂರ ಹನ್ನೆರಡಾಯಿತು. ಮೇಷ್ಟ್ರಿಗೆ ಸಮಾಧಾನವಾಯಿತು.

ಒಂದು ವಿಷಯ ಮಾತ್ರ ಲೆಕ್ಕಕ್ಕೆ ಒಗ್ಗಲಿಲ್ಲ. ಅದು ಹೆಂಡತಿ ಪುಟ್ಟಬಸಮ್ಮ. ಒಂದು ಮಂಗಳವಾರ ಕುರ್ಚಿಯಲ್ಲಿ ಕೂತು, ಆಕೆ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಇಟ್ಟ ಹೆಜ್ಜೆಗಳನ್ನು ಅವರು ಎಣಿಸಿದ್ದರು: ಹನ್ನೊಂದು ಸಾವಿರದ ಇನ್ನೂರು. ಮದುವೆಯಾಗಿ ಬಂದ ೧೯೧೨ರಿಂದ ಇದೇ ದರದಲ್ಲಿ ಕೂಡಿಸಿಕೊಂಡು ಬಂದರೆ ಪುಟ್ಟಬಸಮ್ಮನ ಹನ್ನೊಂದು ಕೋಟಿಯ ಮೂಲಧನ ೧೯೩೯ಕ್ಕೆ ಖಾಲಿ. ಆ ಪ್ರಕಾರ ಆಕೆ ತೀರಿಕೊಂಡು ಹದಿನೆಂಟು ವರ್ಷವಾಗಿರಬೇಕಿತ್ತು. ಆಕೆಯೋ ಐವತ್ತೆಂಟರಲ್ಲಿ ಹಿತ್ತಲ ಬಾವಿಯಿಂದ ಎರಡು ಕೊಡ ನೀರು ಒಟ್ಟಿಗೆ ತಂದು, ಅದೇ ಉಸಿರಿನಲ್ಲಿ ಎಮ್ಮೆಯನ್ನು ಬೈಯುತ್ತಿದ್ದಳು. ಮೇಷ್ಟ್ರು ಲೆಕ್ಕವನ್ನು ಎರಡು ಸಲ ತಿರುವಿ ನೋಡಿದರು. ಗುಣಾಕಾರ ಸರಿಯಾಗಿತ್ತು. ಎಲ್ಲೋ ಒಂದು ಕಡೆ ದಶಾಂಶ ಜಾರಿರಬೇಕೆಂದು ಆ ಹಾಳೆಯನ್ನು ಮಡಿಸಿ ಪುಸ್ತಕದ ಹಿಂಬದಿಗೆ ಸೇರಿಸಿಟ್ಟರು.

ಆ ಸೋಮವಾರ ಬೆಳಿಗ್ಗೆ ಅವರು ಎಂದಿನಂತೆ ಮಣೆಯ ಮೇಲೆ ಕೂತು ಲಿಂಗಪೂಜೆ ಮುಗಿಸಿದರು. ವಿಭೂತಿ ಧರಿಸಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಏಳಲು ಹೋದರು. ಕಾಲು ಏಳಲಿಲ್ಲ. ಎಡಗೈ ಊರಿ ಪ್ರಯತ್ನಿಸಿದರು. ಬಲಗೈ ಊರಿ ಪ್ರಯತ್ನಿಸಿದರು. ಮೊಳಕಾಲುಗಳು ಬೇರೆ ಯಾರದೋ ಹಾಗೆ ಸುಮ್ಮನೆ ಬಿದ್ದಿದ್ದವು.

ಅಡುಗೆಮನೆಯಿಂದ ಪುಟ್ಟಬಸಮ್ಮನ ದನಿ ಬಂತು. "ಪೂಜೆ ಮುಗೀನಿಲ್ವಾ? ರೊಟ್ಟಿ ಆರೋಯ್ತದೆ."

"ಮುಗಿಯಿತು."

"ಮತ್ತೆ ಏಳಿ."

"ಏಳುತ್ತೇನೆ. ಅವಸರವೇನು?"

ಆಕೆ ಸೆರಗಿಗೆ ಕೈಯೊರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಗಂಡನ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಕಣ್ಣಲ್ಲೇ ಎಲ್ಲವನ್ನೂ ಅಳೆದು, ಅಂಗಡಿಗೆ ಹೊರಟಿದ್ದ ಮಗನನ್ನು ಕೂಗಿದಳು. "ನೀಲಕಂಠಾ, ಬಾಪ್ಪ ಇಲ್ಲಿ. ನಿಮ್ಮಪ್ಪ ಮಣೆಗೆ ಅಂಟ್ಕೊಬುಟ್ಟವ್ರೆ."

ನೀಲಕಂಠಸ್ವಾಮಿ ತಂದೆಯ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಪಂಚೆಯನ್ನೂ ಸರಿಮಾಡಿದ. ಆಮೇಲೆ ಬಹಳ ಮೃದುವಾಗಿ ಹೇಳಿದ: "ವಯಸ್ಸಾಯ್ತು, ಬುಡಪ್ಪ. ನಾಳೆಯಿಂದ ಕುರ್ಚಿ ಮೇಲೇ ಕೂತು ಪೂಜೆ ಮಾಡ್ಕೊ. ಶ್ರಾವಣದ ಮೊದಲ ಸೋಮವಾರ ಮಠದ ಅಯ್ನೋರು ಬತ್ತಾರಲ್ಲ, ಪಾದಪೂಜೆಗೆ ಈ ಸತಿ ನಾನೇ ಮಣೆ ಮೇಲೆ ಕೂತ್ಕತೀನಿ."

ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಗದರಿಸಬಹುದಿತ್ತು. ಶ್ರಾವಣದ ಆ ಮಣೆಯ ಮೇಲೆ ಗುರುಪಾದಸ್ವಾಮಿಗಳು ೧೯೨೩ರಿಂದ ಕೂತಿದ್ದರು. ಅದರ ಮೇಲೆ ಕೂತವನೇ ಆ ಮನೆಯ ಯಜಮಾನನೆಂದು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮನೆಯ ಎಮ್ಮೆಗೂ ಅದು ಗೊತ್ತಿತ್ತು. ಮೇಷ್ಟ್ರು ಗೋಡೆಯ ಕ್ಯಾಲೆಂಡರನ್ನು ನೋಡಿದರು. ಶ್ರಾವಣದ ಮೊದಲ ಸೋಮವಾರ ಜುಲೈ ಇಪ್ಪತ್ತೊಂಬತ್ತು. ಐವತ್ತಾರು ದಿನ.

ಅದೇ ವಾರ ಪುಟ್ಟಬಸಮ್ಮ ಹಾಸಿಗೆ ಹೊಲಿಯುವ ಗೌಸ್ ಮೊಹಿದ್ದೀನನನ್ನು ಕರೆಸಿದಳು. ಕುರ್ಚಿಗೆ ಹಾಕಿದ್ದ ಹತ್ತಿಯ ಮೆತ್ತೆ ಹಪ್ಪಳದಂತಾಗಿತ್ತು. ಗೌಸ್ ಅರವತ್ತಾರರ ಮುದುಕ. ಗಡ್ಡ ಪೂರ್ತಿ ಬೆಳ್ಳಗೆ, ಭುಜ ಮಾತ್ರ ಇಪ್ಪತ್ತರ ಹುಡುಗನದು. ಹತ್ತಿ ಬಡಿಯುವ ಬಿಲ್ಲನ್ನು ಹೆಗಲ ಮೇಲಿಟ್ಟುಕೊಂಡು ಬಂದವನು ಮೆತ್ತೆಯನ್ನು ಬಿಚ್ಚಿ, ಕಲ್ಲಿನಂತಾಗಿದ್ದ ಹತ್ತಿಯನ್ನು ಬೆರಳಲ್ಲಿ ಒತ್ತಿ ನೋಡಿದ.

"ಹತ್ತಿ ಸವೆದೋಗದೆಯಾ?" ಎಂದಳು ಪುಟ್ಟಬಸಮ್ಮ.

"ಇಲ್ಲ ತಾಯಿ. ಹತ್ತಿ ಸವೆದು ಕೆಟ್ಟಿಲ್ಲ. ಒಂದೇ ಕಡೆ ಬಿದ್ದಿದ್ದು ಕೆಟ್ಟದೆ. ನಾಕು ಏಟು ಬಿದ್ರೆ ಎದ್ದು ಕೂತ್ಕತದೆ." ಹೇಳಿ, ಕುರ್ಚಿಯ ಕಡೆಗೆ ನೋಡಿದ. ಕುರ್ಚಿಯಲ್ಲಿದ್ದವರು ಪುಸ್ತಕ ಓದುತ್ತಿದ್ದರು, ಪುಸ್ತಕ ತಲೆಕೆಳಗಾಗಿತ್ತು.

ಪುಟ್ಟಬಸಮ್ಮ ಮಜ್ಜಿಗೆ ತರಲು ಒಳಗೆ ಹೋದಾಗ ಗೌಸ್ ಕುರ್ಚಿಯ ಹತ್ತಿರ ಬಂದು ದನಿ ತಗ್ಗಿಸಿದ. "ಮೇಷ್ಟ್ರೇ, ಒಂದು ಮಾತು. ನಿಮ್ಮದೊಂದು ಸಾಲ ನಮ್ಮಲ್ಲಿ ಬಾಕಿ ಅದೆ."

ಗುರುಪಾದಸ್ವಾಮಿಗಳು ನೆಟ್ಟಗಾದರು. ಅರವತ್ತಮೂರು ವರ್ಷದ ಬಾಳಿನಲ್ಲಿ ಅವರ ಮನೆಬಾಗಿಲಿಗೆ ಬಂದು ಯಾರೂ ಆಡದ ಮಾತು ಅದು. "ಸಾಲವೇ? ನಾನು ಯಾರಿಗೂ ಕಾಸು ಕೊಡಬೇಕಾಗಿಲ್ಲ."

"ಕಾಸಲ್ಲ. ಬಸ್ಕಿ. ಮೂವತ್ತೇಳು."

ಮೇಷ್ಟ್ರ ಕಿವಿಯ ತುದಿ ಕೆಂಪಾಯಿತು. ಮರೆತಿರಲಿಲ್ಲ, ಮರೆತಂತೆ ಇದ್ದರು ಅಷ್ಟೆ. ಹುಡುಗನಾಗಿದ್ದಾಗ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಅವರು ಎರಡು ವರ್ಷ ಕೋಟೆ ಬೀದಿಯ ಗರಡಿಗೆ ಹೋಗಿದ್ದರು. ಗೌಸನ ತಂದೆ ಹಿದಾಯತ್ ಉಲ್ಲಾ ಅಲ್ಲಿನ ಉಸ್ತಾದ್. ಆ ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ಊರು ಬಿಟ್ಟು ಹೋಗುವ ಹುಡುಗ ಕೊನೆಯ ದಿನ ಕೆಮ್ಮಣ್ಣಿನ ಕಣದಲ್ಲಿ ನಿಂತು ನೂರು ಬಸ್ಕಿ ಹೊಡೆಯಬೇಕು. ಮುಗಿದ ಮೇಲೆ ಉಸ್ತಾದ್ ಅವನ ಹಣೆಗೆ ಮಣ್ಣು ಹಚ್ಚಿ, "ಹೋಗು, ನಿನ್ನ ಋಣ ತೀರಿತು" ಎಂದು ಬಾಗಿಲು ತೋರಿಸುತ್ತಾನೆ. ಹಾಗೆ ಕಳಿಸಿಕೊಂಡವನಿಗೆ ಆ ಮೇಲೆ ಕಣದಲ್ಲಿ ಕೆಲಸವಿಲ್ಲ. ೧೯೦೭ರಲ್ಲಿ ಚಾಮರಾಜನಗರದ ಶಾಲೆಗೆ ಹೊರಟ ಹದಿಮೂರರ ಗುರುಪಾದ ಅರವತ್ತಮೂರು ಹೊಡೆಯುವಷ್ಟರಲ್ಲಿ ಮಾವನ ಗಾಡಿ ಬಾಗಿಲಿಗೆ ಬಂದಿತ್ತು. ಮೂವತ್ತೇಳು ಉಳಿಯಿತು. ಉಸ್ತಾದ್ ಮೂವತ್ತೇಳು ಹುಣಸೆಬೀಜಗಳನ್ನು ಎಣಿಸಿ ಕುಡಿಕೆಯಲ್ಲಿ ಹಾಕಿ ಗೂಡಿನಲ್ಲಿಟ್ಟು, ಬಂದಾಗ ತೀರಿಸು ಎಂದಿದ್ದರು. ಗುರುಪಾದ ಮರಳಿ ಬಂದದ್ದು ಮೇಷ್ಟ್ರಾಗಿ, ಕೋಟು ಪೇಟ ಹಾಕಿಕೊಂಡು. ಲಂಗೋಟಿ ಕಟ್ಟಿ ನಿಲ್ಲಲು ಆಗ ನಾಚಿಕೆಯಾಯಿತು.

"ಆ ಕುಡಿಕೆ..."

"ಗೂಡಲ್ಲೇ ಅದೆ. ಅಬ್ಬಾಜಾನ್ ಕಣ್ಮುಚ್ಚೋ ಮುಂಚೆ ಗರಡಿ ನನ್ನ ಕೈಗೆ ಕೊಟ್ಟು ಹೇಳಿ ಹೋದ್ರು, ಮೇಷ್ಟ್ರಾದ್ರೂ ಸರಿ ಅಮಲ್ದಾರ್ ಆದ್ರೂ ಸರಿ, ವಸೂಲ್ ಮಾಡು ಅಂತ."

"ಐವತ್ತು ವರ್ಷವಾಯಿತು. ಬಡ್ಡಿ?"

"ಬಡ್ಡಿ ನಮ್ಮಲ್ಲಿ ಹರಾಮು. ಅಸಲು ಸಾಕು."

ಅಂದು ಸಂಜೆ ಮೇಷ್ಟ್ರು ಲೆಕ್ಕ ಹಾಕಿದರು. ಗರಡಿಗೆ ಮುನ್ನೂರ ಹತ್ತು ಹೆಜ್ಜೆ. ಹೋಗಿ ಬಂದರೆ ಆರುನೂರ ಇಪ್ಪತ್ತು. ಇದು ಉಳಿತಾಯಕ್ಕೆ ದೊಡ್ಡ ಪೆಟ್ಟು. ಆದರೆ ಸಾಲ ಇಟ್ಟುಕೊಂಡು ಉಳಿತಾಯ ಮಾಡುವುದು ಯಾವ ಲೆಕ್ಕದಲ್ಲಿಯೂ ಸರಿಬರುವುದಿಲ್ಲ. ತೀರಿಸಿದ್ದು ಅರವತ್ತಮೂರು, ಈಗಿನ ವಯಸ್ಸೂ ಅರವತ್ತಮೂರು ಎಂಬುದೂ ಅವರ ಕಣ್ಣಿಗೆ ಬಿತ್ತು. ಅದಕ್ಕೇನೂ ಅರ್ಥವಿಲ್ಲ, ಸಂಖ್ಯೆಗಳು ಒಮ್ಮೊಮ್ಮೆ ಹೀಗೆ ದಾರಿಯಲ್ಲಿ ಎದುರಾಗುತ್ತವೆ ಎಂದುಕೊಂಡು ಪುಸ್ತಕ ಮುಚ್ಚಿದರು. ಮಣೆಯ ವಿಚಾರವನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಮಾರನೆಯ ಮಧ್ಯಾಹ್ನ, ಊರು ಉಂಡು ಮಲಗಿರುವ ಹೊತ್ತು ನೋಡಿ ಹೊರಟರು. ಗರಡಿಯ ಬಾಗಿಲು ಸೊಂಟದೆತ್ತರ. ಯಾರೇ ಆದರೂ ತಲೆ ಬಾಗಿಸಿ ಒಳಗೆ ಬರಲೆಂದು ಹಾಗೆ ಕಟ್ಟಿದ್ದು. ಮೇಷ್ಟ್ರು ಬಾಗಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡರು. ಗೌಸ್ ಒಳಗಿನಿಂದ ಕೈಹಿಡಿದು ಎಳೆದುಕೊಂಡ. ಒಳಗೆ ತಣ್ಣಗೆ, ಎಣ್ಣೆ ಅರಿಸಿನ ಬೆರೆತ ಕೆಮ್ಮಣ್ಣಿನ ವಾಸನೆ. ಗೋಡೆಯಲ್ಲಿ ಆಂಜನೇಯನ ಪಟದ ಮುಂದೆ ದೀಪ, ಪಕ್ಕದ ಗೂಡಿನಲ್ಲಿ ಮಸಿ ಹಿಡಿದ ಕುಡಿಕೆ. ಮೇಷ್ಟ್ರು ಅದನ್ನು ಬೋರಲು ಹಾಕಿ ಎಣಿಸಿದರು. ಮೂವತ್ತೇಳು. ಒಂದೂ ಹುಳು ಹಿಡಿದಿರಲಿಲ್ಲ.

"ಅಂಗಿ ತೆಗಿ," ಎಂದ ಗೌಸ್.

ಮೇಷ್ಟ್ರು ಬೆಚ್ಚಿದರು. "ಏನು, ಏಕವಚನ?"

"ಈ ಬಾಗಿಲ ಒಳಗೆ ಮೇಷ್ಟ್ರು ಇಲ್ಲ ಕಣ್ಲಾ. ಉಸ್ತಾದ್ ಇದ್ದಾನೆ, ಸಾಲಗಾರ ಇದ್ದಾನೆ. ಒಡಿ ಒಂದು ಬಸ್ಕಿ, ನೋಡನ."

ಗುರುಪಾದಸ್ವಾಮಿಗಳು ಕೈಗಳನ್ನು ಮುಂದೆ ಚಾಚಿ ಮೊಳಕಾಲು ಮಡಿಸಿದರು. ಒಂದು ಗೇಣು ಇಳಿದರು. ಮತ್ತೊಂದು ಗೇಣು ತಾನಾಗಿ ಇಳಿಯಿತು. ಅಲ್ಲಿಂದ ನೇರವಾಗಿ ಕಣದ ಮಣ್ಣಿನ ಮೇಲೆ ಕೂತುಬಿಟ್ಟರು.

ಗೌಸ್ ನಗಲಿಲ್ಲ. ನಡುವಿನ ಕಂಬವನ್ನು ತೋರಿಸಿ, "ಅದನ್ನ ಹಿಡ್ಕೊಂಡು ಮಾಡು," ಎಂದ. ಕಂಬವನ್ನು ತಬ್ಬಿಕೊಂಡು, ಪುಸುಪುಸು ಎನ್ನುತ್ತ, ಮೇಷ್ಟ್ರು ಏಳು ಸಲ ಇಳಿದು ಏಳು ಸಲ ಎದ್ದರು. ಆಮೇಲೆ ಕುಡಿಕೆಯತ್ತ ಕೈ ಚಾಚಿದರು. "ಏಳು ಬೀಜ ತೆಗೆದಿಡು."

"ಯಾಕೆ?"

"ಏಳು ಬಸ್ಕಿ ಹೊಡೆದೆನಲ್ಲ."

"ನೀನು ಹೊಡೆದ್ಯಾ, ಕಂಬ ಹೊಡೀತಾ? ಅದು ಕಂಬದ ಲೆಕ್ಕಕ್ಕೆ. ಕೈ ಬುಟ್ಟು ಮಾಡಿದ್ದು ಮಾತ್ರ ನಿನ್ನ ಲೆಕ್ಕಕ್ಕೆ."

ಮೇಷ್ಟ್ರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಮೂವತ್ತಾರು ವರ್ಷ ಮಕ್ಕಳಿಗೆ, ಪಕ್ಕದವನ ಹಲಗೆ ನೋಡಿ ಬರೆದ ಉತ್ತರಕ್ಕೆ ಅಂಕವಿಲ್ಲ ಎಂದು ಹೇಳಿದವರು ಅವರು. ತರ್ಕದಲ್ಲಿ ಬಿರುಕಿರಲಿಲ್ಲ.

ಆ ರಾತ್ರಿ ತೊಡೆಗಳು ಬೆಂಕಿಯಾಗಿದ್ದವು. ಮಾರನೆಯ ದಿನ ಕುರ್ಚಿಯಲ್ಲಿ ಕೂರುವುದೇ ಕಷ್ಟವಾಯಿತು, ಏಳುವುದು ಅದಕ್ಕಿಂತ ಕಷ್ಟವಾಯಿತು. ಹೋಗಬಾರದೆಂದು ನಿಶ್ಚಯಿಸಿದರು. ಮಧ್ಯಾಹ್ನವಾದಾಗ, ಒಪ್ಪಿಕೊಂಡ ಸಾಲಕ್ಕೆ ಗಡುವು ತಪ್ಪಿಸುವವನ ಬಗ್ಗೆ ತಾವೇ ಎಷ್ಟೋ ಸಲ ಆಡಿದ ಮಾತುಗಳು ನೆನಪಾಗಿ, ಊರುಗೋಲು ಹಿಡಿದು ಹೊರಟರು. ಅಂದು ಒಂಬತ್ತು, ಎಲ್ಲವೂ ಕಂಬದ ಲೆಕ್ಕಕ್ಕೆ. ನಡುವೆ ಗೌಸ್ ತಾನೂ ಎದುರಿಗೆ ನಿಂತು ಹೊಡೆಯುತ್ತಿದ್ದ. ಅವನು ನೂರು ಹೊಡೆದರೂ ಗಡ್ಡ ಅಲುಗುತ್ತಿರಲಿಲ್ಲ.

"ನಿನಗೆ ಮುದಿತನ ಬರಲಿಲ್ಲವೇನಯ್ಯ?" ಎಂದು ಒಮ್ಮೆ ಕೇಳಿದರು.

"ಬಂತು ಕಣ್ಲಾ. ಮೂರು ಸತಿ ಬಂದು ಬಾಗಿಲು ತಟ್ತು. ನಾನು ಬಸ್ಕಿ ಒಡೀತಿದ್ದೆ, ಕೇಳಿಸನಿಲ್ಲ."

"ಶಾಂತಮಲ್ಲಪ್ಪ ದಿನಕ್ಕೆ ನಾಲ್ಕು ಮೈಲಿ ನಡೆಯುತ್ತಿದ್ದ. ಅರವತ್ತನಾಲ್ಕಕ್ಕೆ ಹೋದ."

ಗೌಸ್ ಗುದ್ದಲಿ ಎತ್ತಿಕೊಂಡ. "ಹೋದ. ಹೋಗೋ ದಿನದವರೆಗೂ ತನ್ನ ಕಾಲ ಮೇಲೇ ನಿಂತಿದ್ದ. ಅವನ ಹಾಸಿಗೆ ನಾನೇ ಹೊಲಿದಿದ್ದು, ಗುರುಪಾದ. ಹತ್ತಿ ಒಂದು ಕಡೇನೂ ಗಂಟಾಗಿರ್ನಿಲ್ಲ."

ಗೆಳೆಯ ಸತ್ತ ಏಳು ತಿಂಗಳ ಮೇಲೆ, ಅರೆಬೆತ್ತಲೆಯಾಗಿ ಕಂಬ ಹಿಡಿದುಕೊಂಡು, ಮುಖವನ್ನು ಆ ಕಡೆಗೆ ತಿರುಗಿಸಿ ಮೇಷ್ಟ್ರು ಕಣ್ಣೊರೆಸಿಕೊಂಡರು. ಗೌಸ್ ಕಣದ ಮಣ್ಣನ್ನು ಗುದ್ದಲಿಯಿಂದ ಸಡಿಲ ಮಾಡುತ್ತ ಅತ್ತ ನೋಡಲಿಲ್ಲ.

ಮನೆಯಲ್ಲಿ ಯಾರಿಗೂ ತಿಳಿಯದೆಂದು ಮೇಷ್ಟ್ರು ನಂಬಿದ್ದರು. ಆದರೆ ಪಂಚೆಯ ಅಂಚಿನಲ್ಲಿ ದಿನಾ ಕೆಮ್ಮಣ್ಣು. ಎರಡನೆಯ ವಾರದಿಂದ ರಾತ್ರಿ ಮಲಗುವ ಮುನ್ನ ಪುಟ್ಟಬಸಮ್ಮ ಬೆಚ್ಚಗೆ ಮಾಡಿದ ಹರಳೆಣ್ಣೆಯ ಬಟ್ಟಲು ತಂದು, ಏನೂ ಕೇಳದೆ, ಅವರ ಮೊಳಕಾಲಿಗೆ ತಿಕ್ಕತೊಡಗಿದಳು.

"ಇದು ಯಾಕೆ?" ಎಂದರು ಮೇಷ್ಟ್ರು.

"ಎಣ್ಣೆ ಎಚ್ಚಾಗಿತ್ತು."

"ಹ್ಞೂಂ."

"ಗೌಸ್ ಸಾಬ್ರ ಮನೆ ಚಾಂದ್ ಬಿ ಸಂತೇಲಿ ಸಿಕ್ಕಿದ್ಲು," ಎಂದು, ಆಕೆ ಮೊಳಕಾಲ ಚಿಪ್ಪನ್ನು ಎರಡೂ ಹೆಬ್ಬೆರಳಿನಿಂದ ಒತ್ತುತ್ತ ಮುಂದುವರಿಸಿದಳು, "ಏನೂ ಹೇಳ್ನಿಲ್ಲ ಬುಡಿ. ನಾನೂ ಏನೂ ಕೇಳ್ನಿಲ್ಲ. ಕಾಲು ನೀಡಿ ಸರ್ಯಾಗಿ."

ಜುಲೈ ಒಂಬತ್ತನೆಯ ತಾರೀಖು ಮಂಗಳವಾರ ಕಂಬವನ್ನು ಬಿಟ್ಟರು. ಕೈಗಳನ್ನು ಚಾಚಿ, ಹಿಮ್ಮಡಿ ಊರಿ, ಪೂರ್ತಿ ಇಳಿದರು. ಕೆಳಗೆ ಒಂದು ಕ್ಷಣ ಹಾಗೆಯೇ ಉಳಿದರು. ಎರಡು ಮೊಳಕಾಲೂ ಬಾಳೆಕಾಯಿ ಮುರಿದ ಹಾಗೆ ಸದ್ದು ಮಾಡಿದವು. ಗೌಸ್ ಪಕ್ಕದಲ್ಲಿ ನಿಂತು ತನ್ನ ತೊಡೆಯನ್ನು ಪಟ್ ಎಂದು ತಟ್ಟಿದ. ಆ ಸದ್ದಿನ ಜೊತೆಗೇ ಮೇಷ್ಟ್ರು ಎದ್ದರು. ಗೌಸ್ ಕುಡಿಕೆಯಿಂದ ಒಂದು ಬೀಜ ತೆಗೆದು ಪಟದ ಮುಂದೆ ಇಟ್ಟ. ಅಷ್ಟರಲ್ಲಿ ಕಂಬದ ಲೆಕ್ಕ ಮುನ್ನೂರ ನಲವತ್ತೊಂದಾಗಿತ್ತು.

ಆ ಮೇಲೆ ದಿನಕ್ಕೆ ಒಂದು, ಕೆಲವು ದಿನ ಎರಡು, ಕಾಲು ಒಪ್ಪಿದ ದಿನ ಮೂರು. ಒಪ್ಪದ ದಿನ ಸೊನ್ನೆ. ಕಂಬ ಮಾತ್ರ ದಿನವೂ. ಮೇಷ್ಟ್ರಿಗೆ ತಮ್ಮಲ್ಲಾದ ಬೇರೆ ಬದಲಾವಣೆಗಳು ಕ್ರಮವಾಗಿ ಗೊತ್ತಾಗಲಿಲ್ಲ. ಒಂದು ದಿನ ಎರಡನೆಯ ರೊಟ್ಟಿ ಕೇಳಿದರು. ಒಂದು ದಿನ ಊರುಗೋಲನ್ನು ಗರಡಿಯಲ್ಲೇ ಮರೆತು ಬಂದರು, ನೆನಪಾದದ್ದು ಮಾರನೆಯ ದಿನ ಅಲ್ಲಿ ನೋಡಿದಾಗ. ಒಂದು ಸಂಜೆ ಹೆಜ್ಜೆ ಎಣಿಸುವುದನ್ನು ಮರೆತು ಬಸ್‌ ಸ್ಟ್ಯಾಂಡಿನವರೆಗೂ ಹೋಗಿ ಬಂದುಬಿಟ್ಟರು. ಅಂದಿನ ಖರ್ಚಿನ ಜಾಗವನ್ನು ಪುಸ್ತಕದಲ್ಲಿ ಖಾಲಿ ಬಿಡಬೇಕಾಯಿತು. ಮೂರು ದಿನವಾದ ಮೇಲೂ ಅದು ಖಾಲಿಯಾಗಿಯೇ ಇತ್ತು, ಆಮೇಲೆ ಪುಸ್ತಕ ತೆಗೆಯುವುದೇ ತಪ್ಪಿತು.

ಜುಲೈ ಇಪ್ಪತ್ತೆಂಟು, ಭಾನುವಾರ, ಪಟದ ಮುಂದೆ ಮೂವತ್ತಾರು ಬೀಜಗಳಿದ್ದವು. ಕುಡಿಕೆಯಲ್ಲಿ ಒಂದು.

"ಒಡೆದು ತೀರಿಸ್ಬುಡು," ಎಂದ ಗೌಸ್. "ಹಣೆಗೆ ಮಣ್ಣು ಹಚ್ಚಿ ಕಳಿಸ್ತೀನಿ. ಆಮೇಲೆ ನೀನುಂಟು, ನಿನ್ನ ಕುರ್ಚಿ ಉಂಟು."

ಮೇಷ್ಟ್ರು ಕುಡಿಕೆಯನ್ನು ನೋಡಿದರು. "ನಾಳೆ ಪೂಜೆಗೆ ಕಾಲು ಬೇಕು. ಇವತ್ತಿಗೆ ಸಾಕು," ಎಂದು ಅಂಗಿ ಹಾಕಿಕೊಂಡರು.

ಶ್ರಾವಣದ ಮೊದಲ ಸೋಮವಾರ ಮಠದ ಅಯ್ಯನವರು ಹತ್ತು ಗಂಟೆಯ ಹೊತ್ತಿಗೆ ಬಂದರು. ನಡುಮನೆಯಲ್ಲಿ ಅವರಿಗೆ ಎತ್ತರದ ಪೀಠ, ಎದುರಿಗೆ ಮಣೆ, ಮಣೆಯ ಪಕ್ಕದಲ್ಲಿ ನೀರು, ವಿಭೂತಿ, ಬಿಲ್ವಪತ್ರೆ. ನೀಲಕಂಠಸ್ವಾಮಿ ಮಡಿಯುಟ್ಟು ತಯಾರಾಗಿ ನಿಂತಿದ್ದ. ಬೀದಿ ಜಗಲಿಯಲ್ಲಿ ಗೌಸ್ ಮೊಹಿದ್ದೀನ್ ಹೊಸದಾಗಿ ತುಂಬಿದ ಮೆತ್ತೆಗೆ ಕೊನೆಯ ಹೊಲಿಗೆ ಹಾಕುತ್ತ ಕೂತಿದ್ದ. ಆ ಹೊಲಿಗೆಯನ್ನು ಹದಿನೈದು ದಿನದ ಹಿಂದೆಯೇ ಹಾಕಬಹುದಿತ್ತು.

ಮಗ ಮಣೆಯತ್ತ ಒಂದು ಹೆಜ್ಜೆ ಇಟ್ಟಾಗ ಗುರುಪಾದಸ್ವಾಮಿಗಳು ಕುರ್ಚಿಯಿಂದ ಎದ್ದು ಬಂದು ಮಣೆಯ ಮೇಲೆ ಕೂತರು. ಕೈ ಊರಲಿಲ್ಲ.

"ಅಪ್ಪಾ," ಎಂದ ನೀಲಕಂಠಸ್ವಾಮಿ ಮೆಲ್ಲಗೆ.

"ನೀರು ಕೊಡು," ಎಂದರು ಮೇಷ್ಟ್ರು.

ಪಾದಪೂಜೆ ಮುಕ್ಕಾಲು ಗಂಟೆ ನಡೆಯಿತು. ಅರ್ಧ ಗಂಟೆಯ ಹೊತ್ತಿಗೆ ಎಡಗಾಲು ಜೋಮು ಹಿಡಿಯಿತು. ಇದು ಅವರ ಲೆಕ್ಕದಲ್ಲಿರಲಿಲ್ಲ. ಗರಡಿಯಲ್ಲಿ ಕಾಲು ಒಂದು ಕ್ಷಣಕ್ಕಿಂತ ಹೆಚ್ಚು ಮಡಿಸಿ ಇರುತ್ತಿರಲಿಲ್ಲ. ಇಲ್ಲಿ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಪತ್ರೆ ಏರಿಸುವಾಗ ಅವರಿಗೆ ಜೂನ್ ಮೂರರ ಬೆವರು ನೆನಪಾಯಿತು. ಕೊನೆಗೆ ತೀರ್ಥ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಇನ್ನು ಏಳಬೇಕು. ಮನೆಯೆಲ್ಲ ಕಾಯುತ್ತಿತ್ತು. ಒಂದು ಉಸಿರು ಕಳೆಯಿತು, ಎರಡು ಕಳೆಯಿತು. ಮಗನ ಕೈಗಳು ಕಂಕುಳ ಹತ್ತಿರ ಬಂದವು.

"ಮುಟ್ಟಬೇಡ."

ಆಗ ಬೀದಿ ಜಗಲಿಯಿಂದ ಪಟ್ ಎಂದು ಒಂದು ಸದ್ದು ಕೇಳಿಸಿತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು. ಗುರುಪಾದಸ್ವಾಮಿಗಳ ಹಿಮ್ಮಡಿಗಳು ತಮಗೆ ತಾವೇ ನೆಲ ಹಿಡಿದವು. ಮೊಳಕಾಲು ಎರಡೂ ಸದ್ದು ಮಾಡಿದವು. ಅವರು ಎದ್ದು ನಿಂತರು. ಒಂದು ಸಲ ಎಡಕ್ಕೆ ವಾಲಿದರು, ಸರಿಯಾದರು.

ಅಯ್ಯನವರು ಬಾಗಿಲ ಕಡೆಗೆ ನೋಡಿದರು. "ಅದೇನದು ಸದ್ದು?"

"ನಮ್ಮ ಉಸ್ತಾದರು, ಬುದ್ಧಿ," ಎಂದರು ಮೇಷ್ಟ್ರು.

ಅಯ್ಯನವರಿಗೆ ಅರ್ಥವಾಗಲಿಲ್ಲ. ಪುಟ್ಟಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನೀಲಕಂಠಸ್ವಾಮಿ ತಂದೆಯ ಕಾಲುಗಳನ್ನೂ ಮುಖವನ್ನೂ ಬದಲಿಸಿ ಬದಲಿಸಿ ನೋಡಿದ. ಆಮೇಲೆ ಖಾಲಿ ಮಣೆಯನ್ನು ಎತ್ತಿ, ಒರೆಸಿ, ಮುಂದಿನ ವರ್ಷಕ್ಕೆಂದು ಅದರ ಜಾಗದಲ್ಲಿ ಒರಗಿಸಿಟ್ಟ.

ಅಯ್ಯನವರು ಪ್ರಸಾದ ಮುಗಿಸಿ ಹೊರಟ ಮೇಲೆ ಮೇಷ್ಟ್ರು ಅಡುಗೆಮನೆಗೆ ಹೋದರು. ಆರು ತಿಂಗಳಿಂದ ಅವರು ಅಲ್ಲಿಗೆ ಕಾಲಿಟ್ಟಿರಲಿಲ್ಲ. ನೋಟ್‌ಬುಕ್ಕಿನ ಹಿಂಬದಿಯಿಂದ ಒಂದು ಹಾಳೆಯನ್ನು ತೆಗೆದು ಹೆಂಡತಿಯ ಮುಂದೆ ಹಿಡಿದರು.

"ಏನಿದು?"

"ಒಂದು ಲೆಕ್ಕ ಹಾಕಿದ್ದೆ. ಇದರ ಪ್ರಕಾರ ನೀನು ೧೯೩೯ರಲ್ಲಿ ತೀರಿಕೊಂಡಿದ್ದೀಯ."

ಪುಟ್ಟಬಸಮ್ಮ ಸೌಟು ಹಿಡಿದ ಕೈಯನ್ನು ಸೊಂಟಕ್ಕಿಟ್ಟುಕೊಂಡಳು. "ಅಯ್ಯೋ ಸಿವನೇ! ಸತ್ತೋಳ ಕೈಲಿ ಹದಿನೆಂಟು ವರ್ಸ ಉಂಡ್ರಲ್ಲ, ಒಂದು ದಿನಾನಾದ್ರೂ ಉಪ್ಪು ಕಮ್ಮಿ ಆಗಿತ್ತಾ?"

"ಇಲ್ಲ," ಎಂದರು ಮೇಷ್ಟ್ರು. "ಲೆಕ್ಕ ತಪ್ಪು."

ಮದುವೆಯಾದ ನಲವತ್ತೈದು ವರ್ಷದಲ್ಲಿ ಆ ಬಾಯಿಂದ ಆ ಎರಡು ಪದಗಳನ್ನು ಪುಟ್ಟಬಸಮ್ಮ ಕೇಳಿದ್ದು ಅದೇ ಮೊದಲು. ಅವರು ಹಾಳೆಯನ್ನು ಒಲೆಯೊಳಗಿಟ್ಟರು. ಅದು ಹೊತ್ತಿಕೊಳ್ಳುವವರೆಗೆ ಇಬ್ಬರೂ ನೋಡಿದರು.

ಜಗಲಿಯಲ್ಲಿ ಗೌಸ್ ಮೆತ್ತೆಯನ್ನು ಮಡಿಸಿಟ್ಟು ಕಾಯುತ್ತಿದ್ದ. ಮೇಷ್ಟ್ರು ಬಂದೊಡನೆ ಜೇಬಿನಿಂದ ಕೊನೆಯ ಹುಣಸೆಬೀಜವನ್ನು ತೆಗೆದು ಅಂಗೈಯಲ್ಲಿಟ್ಟು ಚಾಚಿದ. ಇನ್ನೊಂದು ಕೈಯಲ್ಲಿ ಒಂದು ಚಿಟಿಕೆ ಕೆಮ್ಮಣ್ಣು ಇತ್ತು. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಬಂದಿದ್ದ. "ತಕ್ಕಳಿ ಮೇಷ್ಟ್ರೇ. ಅಯ್ನೋರ ಮುಂದೆ ಎದ್ರಲ್ಲ, ಅದು ಮೂವತ್ತೇಳನೇದು. ತೀರ್ತು. ಬಗ್ಗಿ, ಹಣೆಗೆ ಹಚ್ತೀನಿ."

ಗುರುಪಾದಸ್ವಾಮಿಗಳು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. ಅರೆಮನಸ್ಸಿನ ಉತ್ತರ ಬರೆದ ಹುಡುಗನನ್ನು ನೋಡುವ ಹಾಗೆ ಗೌಸನನ್ನು ನೋಡಿದರು.

"ಅದು ಬಸ್ಕಿಯಲ್ಲ. ಬಸ್ಕಿ ಎಂದರೆ ನಿಂತವನು ಇಳಿದು ಏಳಬೇಕು. ಚಕ್ಕಳಮಕ್ಕಳ ಕೂತಿದ್ದವನು ಎದ್ದರೆ ಅರ್ಧ. ಅದೂ ಕಣದ ಮಣ್ಣಿನ ಮೇಲಲ್ಲ, ಮರದ ಮಣೆಯ ಮೇಲೆ. ನಿನ್ನ ತಂದೆ ಇದ್ದಿದ್ದರೆ ಒಪ್ಪುತ್ತಿರಲಿಲ್ಲ."

"ಹಂಗಾದ್ರೆ ನಾಳೆ ಬಂದು ತೀರಿಸ್ಬುಡಿ."

"ನಾಳೆ ಬರುತ್ತೇನೆ. ಕಂಬ ಹಿಡಿದು ಹೊಡೆಯುತ್ತೇನೆ. ಅದು ಕಂಬದ ಲೆಕ್ಕಕ್ಕೆ."

ಗೌಸ್ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಗಡ್ಡದೊಳಗೆ ಏನೋ ಅಲುಗಿತು. ಪೊಟ್ಟಣವನ್ನು ಮಡಿಸಿದ, ಬೀಜವನ್ನು ಮರಳಿ ಜೇಬಿಗೆ ಹಾಕಿದ, ಬಿಲ್ಲನ್ನು ಹೆಗಲಿಗೇರಿಸಿದ.

"ಮತ್ತೆ ಈ ಬೀಜ?"

"ಕುಡಿಕೆಯಲ್ಲಿ ಹಾಕಿಡು," ಎಂದರು ಗುರುಪಾದಸ್ವಾಮಿಗಳು, "ಬಾಕಿ ಒಂದು."